ಲಾಳಿಯ ದಾರಿಗೆ ಅಡ್ಡ ನಿಂತಿದ್ದೆ

ನೇಕಾರ ಮಲ್ಲಪ್ಪ ನನ್ನ ವೇಲು ಹಿಡಿದು ಜಗ್ಗಿದ್ದು ನೆನಪಿದೆ. ಆಮೇಲೆ ಕಿವಿಯ ಪಕ್ಕ ಏನೋ ಹಾದುಹೋಯಿತು. ತಿರುಗಿ ನೋಡಿದರೆ ಗೋಡೆಯ ಗಾರೆ ಉದುರುತ್ತಿತ್ತು. ಕೆಳಗೆ ಲಾಳಿ ಬಿದ್ದಿತ್ತು. ನೂಲು ಹೊತ್ತು ಮಗ್ಗದ ಈ ತುದಿಯಿಂದ ಆ ತುದಿಗೆ ಓಡುವ, ಎರಡೂ ಕಡೆ ಲೋಹದ ಮೊನೆಯ ಮರದ ತುಂಡು. ಒಂದು ಕ್ಷಣದ ಹಿಂದೆ ಅದರ ದಾರಿಯಲ್ಲಿ ನನ್ನ ತಲೆ ಇತ್ತು.

"ಮಗ್ಗದ ಬಾಜೂಕ ನಿಂದರಬ್ಯಾಡ ಅಂತ ಎಷ್ಟ ಸಲ ಹೇಳೇನಿ ತಂಗಿ!" ಮಲ್ಲಪ್ಪ ಮಗ್ಗ ನಿಲ್ಲಿಸಿ ಕೂಗಿದ.

ನಾನು ಮೈಸೂರಿನವಳು. ಈ ನೇಕಾರರ ಊರು ಬನಹಟ್ಟಿಗೆ ಬಂದದ್ದು ಕೆಲಸ ಸಿಗದೆ. ಎಂಬಿಎ ಮುಗಿದ ಮೇಲೆ ವೆಂಚರ್ ಕ್ಯಾಪಿಟಲ್ ಸಂಸ್ಥೆಗಳಿಗೆ, ಅಂದರೆ ಹೊಸ ಕಂಪನಿಗಳನ್ನು ಹುಡುಕಿ ಬಂಡವಾಳ ಹೂಡುವವರಿಗೆ, ಅರ್ಜಿ ಹಾಕುತ್ತಲೇ ಇದ್ದೆ. ನನ್ನ ಅರ್ಜಿಯೂ ಉಳಿದವರ ಅರ್ಜಿಯೂ ಒಂದೇ ಅಚ್ಚಿನವು. ಕೊನೆಯ ಸಂದರ್ಶನದಲ್ಲಿ ಒಬ್ಬರು ಕೇಳಿದ್ದರು: "ನಮಗೆ ಗೊತ್ತಿಲ್ಲದ್ದು ನಿಮಗೇನು ಗೊತ್ತು?" ಅದಕ್ಕೆ ಉತ್ತರ ಹುಡುಕಿಕೊಂಡೇ ಇಲ್ಲಿಯ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಮಲ್ಲಪ್ಪನ ಮನೆಯ ಮಾಳಿಗೆಯ ಕೋಣೆ ಬಾಡಿಗೆಗೆ ಸಿಕ್ಕಿತು.

ಮೈಸೂರಿನಲ್ಲಿ ನಮ್ಮ ಬೀದಿಗೆ ಬೆಳಗಾಗುವುದು ಹಾಲಿನವನ ಗಂಟೆಯಿಂದ. ಇಲ್ಲಿ ಮನೆಮನೆಯ ಮಗ್ಗಗಳ ಖಟಖಟ. ಮೊದಲ ವಾರ ಕಿವಿಗೆ ಹತ್ತಿ ಇಟ್ಟುಕೊಂಡೆ. ಈಗ ಕರೆಂಟು ಹೋಗಿ ಸದ್ದು ನಿಂತರೆ ನಾನೂ ಎಲ್ಲರಂತೆ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಅನ್ನ ಬಿಟ್ಟು ರೊಟ್ಟಿಗೆ ಒಗ್ಗುವುದು ಇನ್ನೂ ಕಷ್ಟವಾಯಿತು. ನಾನು ಬಡಿದ ಮೊದಲ ರೊಟ್ಟಿಯನ್ನು ಮಲ್ಲಪ್ಪನ ಹೆಂಡತಿ ಶಾಂತವ್ವ ಎತ್ತಿ ಹಿಡಿದು, "ಇದನ್ನ ಮುಧೋಳ ನಾಯಿಗೆ ಹಾಕಿದ್ರ ಅದೂ ಮೂಸಿ ನೋಡಿ ಹೋಕ್ಕೈತಿ ಬೇ," ಎಂದಳು. ನಗುತ್ತಲೇ ಇನ್ನೊಂದು ಹಿಟ್ಟಿನ ಉಂಡೆ ಕೈಗಿಟ್ಟಳು. ಮಗ್ಗಗಳ ಸದ್ದಿನ ನಡುವೆ ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿಸಿದವಳೂ ಅವಳೇ. ಅವಳ ಬೈಗುಳ ಮೊದಲ ಬಾರಿ ತುಟಿಯಲ್ಲೇ ಅರ್ಥವಾದ ದಿನ ಹೆಮ್ಮೆಯಿಂದ ಅಮ್ಮನಿಗೆ ಫೋನ್ ಮಾಡಿದ್ದೆ.

ಐದನೇ ತಿಂಗಳಲ್ಲಿ ಮುಂಬೈಯ ಸಂಸ್ಥೆಯೊಂದು ನನ್ನ ಅರ್ಜಿಗೆ ಉತ್ತರಿಸಿತು. ಒಂದು ಹೊಸ ಕಂಪನಿಯನ್ನು ಆರಿಸಿ, ಅದರಲ್ಲಿ ಬಂಡವಾಳ ಹೂಡಬಹುದೇ ಎಂದು ಬರೆದು ಕಳಿಸಬೇಕು, ಅದೇ ಪರೀಕ್ಷೆ. ಮಗ್ಗ ಎಷ್ಟು ಹೊತ್ತು ಓಡಿತು, ಎಲ್ಲಿ ನಿಂತಿತು ಎಂದು ತೋರಿಸುವ ಪೆಟ್ಟಿಗೆ ಮಾಡುವ ಕಂಪನಿಯನ್ನು ಆರಿಸಿದೆ. ಪರೀಕ್ಷೆಗೆಂದು ಅವರು ಮಲ್ಲಪ್ಪನ ಮಗ್ಗಕ್ಕೂ ಒಂದು ಪೆಟ್ಟಿಗೆ ಕೂಡಿಸಿ ಹೋಗಿದ್ದರು. ಮಲ್ಲಪ್ಪ ಅದಕ್ಕೆ ಅಂಗಿ ತೂಗುಹಾಕುತ್ತಿದ್ದ. ನಾನು ಬಹಳ ಜಾಣತನದಿಂದ ಬರೆದೆ: "ನೇಕಾರರಿಗೆ ತಂತ್ರಜ್ಞಾನದ ಅರಿವಿಲ್ಲ, ತರಬೇತಿ ಬೇಕು." ಬರೆದದ್ದಕ್ಕೆ ನಾಲ್ಕು ಅಂಕಿಗಳನ್ನು ಸೇರಿಸಲು ಹೋಗಿ, ಅಂಗಿ ಸರಿಸಿ, ಬಗ್ಗಿ ಪೆಟ್ಟಿಗೆಯ ಪರದೆ ಓದುತ್ತಿದ್ದಾಗಲೇ ಲಾಳಿ ಹಾರಿದ್ದು.

ಶಾಂತವ್ವ ಸಕ್ಕರೆ ನೀರು ಕುಡಿಸಿದಳು. ಲೋಟ ಕೆಳಗಿಟ್ಟು ಮಲ್ಲಪ್ಪನನ್ನು ಕೇಳಿದೆ: "ಲಾಳಿ ಹಾರುತ್ತೆ ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಸಪ್ಪಳ ಬ್ಯಾರೆ ಆತು."

"ಮತ್ತೆ ಈ ಪೆಟ್ಟಿಗೆ ಯಾಕೆ ನೋಡೋದಿಲ್ಲ ನೀವು?"

"ಅಲ್ಲಿ ನಿಂತು ಓದಾಕ ನನಗೇನ ಜೀವ ಬ್ಯಾಸರ ಆಗೈತೇನ? ನಾ ನಿಂದ್ರೂದು ಮುಂದ. ಅವರು ಹಚ್ಚಿದ್ದು ಬಾಜೂಕ. ಹೇಳಿದ್ರ, 'ಅಲ್ಲೇ ವಾಯರ್ ಎಟಕ್ತೈತ್ರಿ ಕಾಕಾ' ಅಂದ್ರು. ಅಂಗಿ ಹಾಕೂದಕ್ಕ ಛಲೋ ಆತು."

ಅರಿವಿಲ್ಲದವಳು ನಾನು. ಬರೆದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಬರೆದೆ. ಕೊನೆಯ ಸಾಲು: "ನೇಕಾರ ನಿಲ್ಲುವ ಕಡೆಗೆ ಪರದೆ ಬರುವವರೆಗೆ ಹೂಡಬೇಡಿ, ಬಂದರೆ ತಡಮಾಡಬೇಡಿ."

ಸಂದರ್ಶನದಲ್ಲಿ ಈ ಸಾಲಿನ ಕಾರಣ ಕೇಳಿದರು. ಗೋಡೆಯ ಕಥೆ ಹೇಳಿದೆ. ಆ ಕಂಪನಿಯ ಬಗ್ಗೆ ಇನ್ನೂ ಇಬ್ಬರು ಬರೆದಿದ್ದರಂತೆ. ಇಬ್ಬರೂ ನೇಕಾರರಿಗೆ ತರಬೇತಿ ಬೇಕು ಎಂದಿದ್ದರಂತೆ. ಕೆಲಸ ನನಗಾಯಿತು. ಹೆಮ್ಮೆಯಿಂದಲೇ ಹೇಳುತ್ತೇನೆ, ಅದೃಷ್ಟ ಎಂದು ಯಾರೂ ಅನ್ನಬೇಡಿ. ಐದು ತಿಂಗಳು ಈ ಊರಿನಲ್ಲಿ ಪಾಠ ಕಲಿತಿದ್ದೇನೆ.

ಆದರೂ ಆ ಕ್ಷಣ ಬಿಟ್ಟಿಲ್ಲ. ಮೈಸೂರಿಗೆ ಹೋದಾಗ ಅಮ್ಮ ಮಿಕ್ಸಿ ಹಾಕಿದರೆ ಪಕ್ಕಕ್ಕೆ ಸರಿದೆ. "ಹಿಂಗ್ಯಾಕೆ ಹೆದರುತ್ತೀಯೆ?" ಎಂದಳು. "ಏನಿಲ್ರಿ," ಅಂದೆ. ಅಮ್ಮನಿಗೆ 'ರಿ' ಹಚ್ಚಿದ್ದಕ್ಕೆ ತಮ್ಮ ದಿನವಿಡೀ ನಕ್ಕ. ಇಲ್ಲಿ ಮಾತ್ರ ನಾನಿನ್ನೂ ಮೈಸೂರ ತಂಗಿ.

ನಾಳೆ ಮುಂಬೈಗೆ ಹೊರಡಬೇಕು. ಇಂದು ಅಮಾವಾಸ್ಯೆ, ಮಗ್ಗದ ಪೂಜೆ. ಮಲ್ಲಪ್ಪ ಮಗ್ಗಕ್ಕೆ ವಿಭೂತಿ ಹಚ್ಚಿದ, ಲಾಳಿಗೆ ಹಚ್ಚಿದ. ಆಮೇಲೆ ಗೋಡೆಯ ಬಳಿ ಹೋಗಿ ಗಾರೆ ಕಿತ್ತಿದ್ದ ಕುಳಿಗೂ ಮೂರು ಬೆರಳಲ್ಲಿ ವಿಭೂತಿ ಎಳೆದ.

"ಅದನ್ನು ಮೆತ್ತಿಸಿಬಿಡಿ," ಎಂದೆ. ನಾನು ಈಗಲೂ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತೇನೆ.

"ಇರಲಿ ತಂಗಿ," ಎಂದ. "ಊರಾಗ ನಿಂದೂ ಒಂದು ಜಾಗ ಇರ್ಲಿ."