ಜಗಲಿ ಏರಿದ ಸೀಸದ ಮುತ್ಯಾ

ನರೋಣಾಕ್ಕೆ ಬೆಳಿಗ್ಗೆ ಬಂದು ಹೋದ ಬಸ್ಸು ಮತ್ತೆ ಮುಖ ತೋರಿಸುತ್ತಿದ್ದದ್ದು ಸಂಜೆಗೇ. ನಡುವಿನ ಹೊತ್ತೆಲ್ಲ ನಮ್ಮದೇ. ಈಗಿನಂತೆ ಯಾರೂ ಗಡಿಯಾರ ನೋಡಿಕೊಂಡು ಕೂರುತ್ತಿರಲಿಲ್ಲ, ನೋಡೋಣವೆಂದರೆ ಮನೆಯಲ್ಲಿ ಗಡಿಯಾರವೂ ಇರಲಿಲ್ಲ.

ಆ ಮುಂಗಾರಿನಲ್ಲಿ ಆಯಿಯ ಮನೆಯಲ್ಲಿ ಇದ್ದವರು ನಾವು ಮೂರೇ ಜನ. ಆಯಿ ಎಂದರೆ ನನ್ನ ಅವ್ವನ ಅವ್ವ. ಅವಳ ಮಗ ಬಸವಮಾಮ. ಮತ್ತೆ ನಾನು. ಅಪ್ಪ ಅವ್ವ ಜೇವರ್ಗಿ ಕಡೆಯ ಸಣ್ಣ ಹಳ್ಳಿಯಲ್ಲಿದ್ದರು. ಅಲ್ಲಿ ನಾಲ್ಕನೇ ಇಯತ್ತೆಗೇ ಶಾಲೆ ಮುಗಿಯುತ್ತಿದ್ದರಿಂದ ನನ್ನನ್ನು ಆಯಿಯ ಹತ್ತಿರ ಬಿಟ್ಟಿದ್ದರು. ಮಾಮ ಮುಂಬೈಯ ಬಟ್ಟೆ ಗಿರಣಿಯಲ್ಲಿ ಇದ್ದವನು. ಗಿರಣಿ ಮುಚ್ಚಿತು, ಮಾಮ ಊರಿಗೆ ಬಂದ. ಬರುವಾಗ ಒಂದು ಟ್ರಂಕು, ಹತ್ತಿಯ ಧೂಳು ಕೂತ ಕೆಮ್ಮು, ಮತ್ತೆ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ತಂದಿದ್ದ.

ಡಬ್ಬಿಯಲ್ಲಿ ಬಿಸ್ಕತ್ತು ಇರಲಿಲ್ಲ. ಹೆಬ್ಬೆರಳಿನಷ್ಟು ಎತ್ತರದ ಸೀಸದ ಗೊಂಬೆಗಳಿದ್ದವು. ರಜೆಯ ದಿನ ಹಳೇ ಸಾಮಾನಿನ ಬಜಾರಿನಲ್ಲಿ ತಿರುಗುವಾಗ ಒಂದೊಂದಾಗಿ ಕೊಂಡದ್ದಂತೆ. ಯಾವುದೋ ದೂರದ ದೇಶದ ಮಕ್ಕಳು ಆಡಿ ಬಿಟ್ಟದ್ದು. ಕಬ್ಬಿಣದ ಅಂಗಿ ತೊಟ್ಟ ಸಿಪಾಯಿ, ಚೂಪು ಕಿವಿಯ ಕುಳ್ಳ, ರೆಕ್ಕೆ ಇರುವ ದೊಡ್ಡ ಹಲ್ಲಿ, ಕೋಲು ಹಿಡಿದ ಗಡ್ಡದ ಮುದುಕ. ಹಳೆಯ ಬಣ್ಣ ಎದ್ದುಹೋಗಿ ಎಲ್ಲವೂ ಬೂದಿ ಬಣ್ಣಕ್ಕೆ ಬಂದಿದ್ದವು. ಮಾಮ ಅವನ್ನು ಪಡಸಾಲೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, "ಶಾಂತೀ, ಇವಕ್ಕೆಲ್ಲಾ ಬಣ್ಣ ಹಚ್ಚೂಣೇನು?" ಎಂದ. ನಾನು ಶಾಲೆಯ ಚೀಲವನ್ನು ಎಲ್ಲಿ ಒಗೆದೆನೋ ನೆನಪಿಲ್ಲ.

ಬಣ್ಣಕ್ಕೆ ಎಲ್ಲಿಗೆ ಹೋಗುವುದು? ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿದು ಉಳಿದ ಕೆಂಪು ಇತ್ತು. ಗೋಡೆಗೆ ಸಾರಿಸುವ ಹುರಮಂಜು ಎಂಬ ಕೆಮ್ಮಣ್ಣು ಇತ್ತು, ಸುಣ್ಣವಿತ್ತು, ದೀಪದ ಕಾಡಿಗೆ ಇತ್ತು. ಮಾಮ ಅಗಸೆ ಎಣ್ಣೆ ಕಾಯಿಸಿ ಅದರಲ್ಲಿ ಇವನ್ನೆಲ್ಲ ಕಲಸುತ್ತಿದ್ದ. ಮನೆಯ ತುಂಬ ಆ ಎಣ್ಣೆಯ ಘಾಟು. ಆಯಿ ರೊಟ್ಟಿ ಬಡಿಯುತ್ತಲೇ ಬೈಯುತ್ತಿದ್ದಳು. ಆಡಿನ ಮರಿಯ ಕಿವಿಗೂದಲನ್ನು ಕಡ್ಡಿಗೆ ಕಟ್ಟಿದರೆ ಬ್ರಶ್ಶು. ನಾನು ಅದರ ತುದಿಯನ್ನು ಬಾಯಲ್ಲಿ ಚೂಪು ಮಾಡಲು ಹೋದರೆ ಮಾಮ ಕೈ ಮೇಲೆ ಹೊಡೆಯುತ್ತಿದ್ದ. "ಸೀಸ ಅದ ಬೇ, ಹೊಟ್ಟಿಗಿ ಹೋದ್ರ ಸಾಯ್ತಿ. ನಿಮ್ಮವ್ವಗ ನಾ ಏನಂತ ಹೇಳ್ಲಿ?"

ಮುದುಕನ ಸರದಿ ಬಂತು. ಅವನ ತಲೆಯ ಮೇಲೆ ಉದ್ದನೆ ಚೂಪು ಟೋಪಿ, ಕಾಲತನಕ ಇಳಿದ ನಿಲುವಂಗಿ.

"ಇವಗ ನೀಲಿ ಹಚ್ಚಬೇಕಂತ ಮಾಡೀನಿ," ಎಂದ ಮಾಮ.

"ನೀಲಿ ಯಾಕ? ಕಂಬಳಿ ಕೊಪ್ಪಿ ಹಾಕ್ಕೊಂಡು ಮಳ್ಯಾಗ ಕುರಿ ಕಾಯಾಕ ಹೊಂಟಾನ. ಕಂಬಳಿ ನೀಲಿ ಇರ್ತದೇನು?"

"ಇವ ಪರದೇಶಿ ಇದ್ದಾನ ಬೇ."

"ಇದ್ರ ಇರವಲ್ಲನ್ಯಾಕ. ಮಳಿ ಎಲ್ಲಾರಿಗೂ ಒಂದ."

ಮಾಮ ನಕ್ಕು ಕಾಡಿಗೆಯ ಕುಡಿಕೆಯನ್ನು ನನ್ನ ಕಡೆ ತಳ್ಳಿದ. ನಾನು ಕಪ್ಪು ಕಂಬಳಿ ಹೊದಿಸಿದೆ, ಸುಣ್ಣದ ಗಡ್ಡ ಇಟ್ಟೆ. ಅಷ್ಟು ವಯಸ್ಸಾದವನ ಹಣೆ ಬರಿದಾಗಿದ್ದರೆ ಚೆಂದವೇ ಎಂದು ಕಡ್ಡಿಯ ತುದಿಯಿಂದ ಮೂರು ಗೆರೆ ವಿಭೂತಿ ಎಳೆದೆ. ಒಣಗಲೆಂದು ಗೋಡೆಯ ಗೂಡಿನಲ್ಲಿಟ್ಟು ಮಲಗಿದೆವು.

ಮರುದಿನ ಶಾಲೆಯಿಂದ ಬಂದು ನೋಡಿದರೆ ಗೂಡು ಖಾಲಿ. ಮುದುಕ ಅಡುಗೆಮನೆಯ ಮೂಲೆಯಲ್ಲಿ, ದೇವರ ಜಗಲಿಯ ಮೇಲೆ, ತಲೆಗೊಂದು ಕಣಗಿಲೆ ಹೂವು ಏರಿಸಿಕೊಂಡು ನಿಂತಿದ್ದ. ಮುಂದೆ ಊದಿನಕಡ್ಡಿ.

"ಆಯಿ, ಅದು ಆಟಿಗಿ ಸಾಮಾನು!"

"ಬಾಯಿ ಮುಚ್ಚು ಬೇ. ಇಬತ್ತಿ ಹಚ್ಚಿಗೊಂಡ ಮುತ್ಯಾ ಆಟಿಗಿ ಸಾಮಾನೇನು?"

"ಇಬತ್ತಿ ನಾನೇ ಹಚ್ಚೀನಿ."

"ಹಚ್ಚಿದಾಕಿ ನೀ ಇರಬಹುದು, ಹಚ್ಚಿಸ್ಕೊಂಡಾಂವ ಅಂವ."

ನಮ್ಮ ಕಡೆ ಮುತ್ಯಾ ಎಂದರೆ ಅಜ್ಜನೂ ಹೌದು, ಪೂಜೆಗೊಳ್ಳುವ ಸಾಧುವೂ ಹೌದು. ನಮ್ಮ ಮನೆಗಳಲ್ಲಿ ಒಮ್ಮೆ ಜಗಲಿ ಏರಿ ಪೂಜೆ ಕಂಡದ್ದನ್ನು ಮತ್ತೆ ಆಟಕ್ಕೆ ಇಳಿಸುವುದಿಲ್ಲ. ಮಾಮ ಬಂದು ನೋಡಿ ತಲೆ ಕೆರೆದುಕೊಂಡ. ಅಷ್ಟು ಹೊತ್ತಿಗೆ, ಮಗ ಕೆಲಸ ಕಳೆದುಕೊಂಡು ಬಂದರೂ ಬರಿಗೈಯಲ್ಲಿ ಬರಲಿಲ್ಲ, ಮುಂಬೈಯಿಂದ ಮುತ್ಯಾನನ್ನು ಕರೆತಂದಿದ್ದಾನೆ ಎಂದು ಆಯಿ ಓಣಿಗೆಲ್ಲ ಹೇಳಿ ಮುಗಿಸಿದ್ದಳು.

ಬಾಜೂಮನೆಯ ಮೌಲಾಸಾಬ ಚಾಚಾ ನೋಡಲು ಬಂದ. ಕಲಬುರಗಿಯ ಬೇಳೆ ಮಿಲ್ಲುಗಳಿಗೆ ತೊಗರಿ ಸಾಗಿಸುವ ಲಾರಿ ಅವನದು. ಬಾಗಿಲ ಹೊರಗೇ ನಿಂತು, ಬಗ್ಗಿ, ಬಹಳ ಹೊತ್ತು ನೋಡಿದ.

"ಅವ್ವಾ, ಮುತ್ಯಾನ ಮೂಗು ಅಂಗ್ರೇಜರ ಮೂಗು ಇದ್ದಂಗ ಅದಲ್ರೀ."

"ಮೂಗು ತಗೊಂಡು ಏನ್ ಮಾಡ್ತಿ? ಕೈಯಾಗಿನ ಕೋಲು ನೋಡು."

"ಹೌದ್ರಿ ಹೌದ್ರಿ, ಕೋಲು ಖರೇ ನಮ್ಮ ಕಡೀದೇ," ಎಂದು ಚಾಚಾ ಮಾಮನತ್ತ ಕಣ್ಣು ಹೊಡೆದ.

ಆಯಿ ಆ ಸೋಮವಾರ ಹರಕೆ ಹೊತ್ತಳು. ಮಗನಿಗೆ ಕೆಲಸ ಸಿಕ್ಕರೆ ಮುತ್ಯಾನಿಗೆ ಮಾಲದಿ ಮಾಡಿ ಓಣಿಗೆಲ್ಲ ಹಂಚುತ್ತೇನೆ ಎಂದು ಗಟ್ಟಿಯಾಗಿ, ಪಡಸಾಲೆಯಲ್ಲಿ ಕೂತಿದ್ದ ನಮಗೂ ಕೇಳುವ ಹಾಗೆ ಹೇಳಿದಳು. ಹಲ್ಲಿಯ ಬೆನ್ನಿಗೆ ಹುರಮಂಜು ಬಳಿಯುತ್ತಿದ್ದ ಮಾಮನ ಕೈ ನಿಂತಿತು. ಕೆಲಸವೆಂದರೆ ಊರು ಬಿಟ್ಟು ಹೋಗುವುದು. ಅದುವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಸಂಜೆ ನನಗಾಗಿ ಕಾದು ಕೂರುವ ದೊಡ್ಡ ಮನುಷ್ಯ ಎಂದು ನನ್ನ ಪಾಲಿಗೆ ಇದ್ದವನು ಅವನೊಬ್ಬನೇ.

ಆಯಿ ಹೊಲಕ್ಕೆ ಹೋದ ಹೊತ್ತು ನೋಡಿ ನಾನೂ ಜಗಲಿಯ ಮುಂದೆ ನಿಂತೆ. ನನ್ನ ಪಾಲಿನ ಬೆಲ್ಲದ ಚೂರು ಇಟ್ಟು ಕಣ್ಣು ಮುಚ್ಚಿದೆ. ತೆರೆದರೆ ಬಾಗಿಲಲ್ಲಿ ಮಾಮ.

"ಏನ್ ಮಾಡಾಕತ್ತೀ?"

"ನೀ ಹೋಗಬಾರದಂತ ಕೇಳಾಕತ್ತೇನಿ."

"ಅದು ಸೀಸದ್ದು ಬೇ."

"ಗೊತ್ತದ."

"ಗಡ್ಡ ನೀನೇ ಬರದೀದಿ."

"ಗೊತ್ತದ ಮಾಮಾ. ಆದ್ರ ಆಯಿ ಕೇಳ್ಯಾಳಲ್ಲ? ನಾ ಕೇಳದಿದ್ರ ಅವಳ ಮಾತೊಂದೇ ಮುತ್ಯಾಗ ಮುಟ್ತದ."

ಮಾಮ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಪಕ್ಕದಲ್ಲಿ ಕೂತು, ಸಿಪಾಯಿಯ ಢಾಲಿಗೆ ಯಾವ ಬಣ್ಣ ಹಚ್ಚೋಣ ಎಂದು ಕೇಳಿದ.

ತೊಗರಿ ಬಿತ್ತನೆ ಮುಗಿಯುವ ಹೊತ್ತಿಗೆ ಮೌಲಾಸಾಬ ಚಾಚಾ ಸುದ್ದಿ ತಂದ. ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ಮಶೀನು ನೋಡಿಕೊಳ್ಳಲು ಗಿರಣಿಯಲ್ಲಿ ಪಳಗಿದ ಆಳು ಬೇಕಂತೆ. ಆಯಿ ಜಗಲಿಯ ಮುಂದೆ ಅಡ್ಡಬಿದ್ದಳು. ಚಪಾತಿ ಮುರಿದು ಬೆಲ್ಲ ತುಪ್ಪ ಕಲಸಿದ ಮಾಲದಿಯ ಘಮ ಓಣಿಯ ಕೊನೆಯ ಮನೆಗೂ ಹೋಯಿತು. ಚಾಚಾ ಎರಡು ಸಲ ಕೇಳಿ ಹಾಕಿಸಿಕೊಂಡ. ನಾನು ತಿನ್ನಲಿಲ್ಲ. "ಹೊಟ್ಟಿ ನೋಯ್ತದ" ಎಂದೆ. ಆಯಿ ನನ್ನ ಹೊಟ್ಟೆಗೆ ಎಣ್ಣೆ ಹಚ್ಚಿದಳು.

ಮಾಮ ಹೋಗುವ ದಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. "ಉಳಿದವು ನೀ ಮುಗಸು. ನಾ ಹಬ್ಬಕ್ಕ ಬಂದು ನೋಡ್ತೇನಿ." ಹಬ್ಬಕ್ಕೆ ಬಂದ. ಕಣ್ಣಿನ ರೆಪ್ಪೆಯ ಮೇಲೂ ಬೇಳೆಯ ಹೊಟ್ಟು ಕೂತಿತ್ತು. ನಾನು ಹಚ್ಚಿದ್ದ ಮೂರು ಗೊಂಬೆ ನೋಡಿ "ಚಲೋ ಆಗ್ಯಾವ" ಎಂದು ಮರಳಿ ಬಸ್ಸು ಹತ್ತಿದ. ಬಣ್ಣ ಹಚ್ಚುವುದು ಒಬ್ಬರೇ ಮಾಡುವ ಕೆಲಸ ಎಂದು ಜನ ತಿಳಿದಿದ್ದಾರೆ. ನನಗೆ ಒಬ್ಬಳೇ ಕೂತು ಮಾಡಲು ಆಗಲಿಲ್ಲ. ಡಬ್ಬಿ ಅಟ್ಟ ಸೇರಿತು. ಮುಂದೆ ನನ್ನ ಓದು, ಆಳಂದದಲ್ಲಿ ಮಾಸ್ತರಕಿ, ಮದುವೆ, ಮಕ್ಕಳು.

ಈಗ ಮತ್ತೆ ಹಚ್ಚತೊಡಗಿದ್ದೇನೆ. ಶಾಲೆಯಿಂದ ಬಂದು, ಚಹಾ ಕುಡಿದು, ಕನ್ನಡಕದ ಮೇಲೊಂದು ಭೂತಗನ್ನಡಿ ಕಟ್ಟಿಕೊಂಡು ಕೂರುತ್ತೇನೆ. ಕೊರಿಯರಿನಲ್ಲಿ ಹೊಸ ಗೊಂಬೆಗಳು ಬರುತ್ತವೆ, ಪುಟ್ಟ ಶೀಶೆಗಳಲ್ಲಿ ಬಣ್ಣಗಳು ಬರುತ್ತವೆ, ವಾಸನೆಯೇ ಇಲ್ಲದವು. ಫೋನಿನಲ್ಲಿ ನೋಡಿ ತಿಳಿಯಿತು: ನಮ್ಮವು ಯಾವುದೋ ಕಾಲ್ಪನಿಕ ಯುದ್ಧದಾಟದ ಗೊಂಬೆಗಳಂತೆ, ಆ ಮುದುಕ ಮಾಟಗಾರನಂತೆ, ಅವನ ಅಂಗಿ ನೀಲಿಯೇ ಅಂತೆ. ನನ್ನ ವಯಸ್ಸಿನ ಎಷ್ಟೋ ಜನ ಚಿಕ್ಕಂದಿನಲ್ಲಿ ಬಿಟ್ಟದ್ದನ್ನು ಹೀಗೇ ಮತ್ತೆ ಹಿಡಿದಿದ್ದಾರೆ. ನನಗೆ ಒಂದು ಕಣ್ಣು ಬರೆಯುವಷ್ಟರಲ್ಲಿ ಹೆಗಲು ಸೋಲುತ್ತದೆ. ಬಣ್ಣ ಒಣಗುವುದನ್ನು ಕಾಯುವುದೂ ಒಂದು ದಣಿವು ಎಂದು ಆಗ ಗೊತ್ತಿರಲಿಲ್ಲ. ಆಯಿ ಹೋದ ಮೇಲೆ ಜಗಲಿಯ ದೇವರೆಲ್ಲ ಮಾಮನ ಕಲಬುರಗಿಯ ಮನೆಗೆ ಹೋದವು. ಮುತ್ಯಾನೂ ಅಲ್ಲೇ ಇದ್ದಾನೆ. ಎಣ್ಣೆ, ವಿಭೂತಿ ಪದರ ಪದರವಾಗಿ ಕೂತು ಕಂಬಳಿಯೂ ಕಾಣುವುದಿಲ್ಲ, ಮೂಗೂ ಕಾಣುವುದಿಲ್ಲ. ಮಾಮನ ಸೊಸೆ ದಿನಾ ಹೂವೇರಿಸುತ್ತಾಳೆ. ನಾವಿಬ್ಬರೂ ಅವಳಿಗೆ ಏನೂ ಹೇಳಿಲ್ಲ.

ಬಣ್ಣ ಕೂಡಿಸಿಟ್ಟುಕೊಂಡಿದ್ದೇನೆ, ವೇಳೆಯನ್ನೂ ಹೇಗೋ ಹೊಂದಿಸಿಕೊಂಡಿದ್ದೇನೆ. ಪಕ್ಕದಲ್ಲಿ ಕೂತು "ನೀಲಿ ಹಚ್ಚಬೇಕಂತ ಮಾಡೀನಿ" ಎನ್ನುವವರು, ಹಟ ಹಿಡಿದರೆ ಸುಮ್ಮನೆ ಕುಡಿಕೆ ತಳ್ಳುವವರು, ಅಂಗಡಿಯಲ್ಲಿ ಸಿಗುವುದಿಲ್ಲ.

ಹೋದ ತಿಂಗಳು ಫೋನು ಮಾಡಿ, "ಒಂದಿನ ಬಾ ಮಾಮಾ, ಕೂಡಿ ಹಚ್ಚೂಣು" ಎಂದೆ. ಭಾನುವಾರ ಬೆಳಗಿನ ಬಸ್ಸಿಗೆ ಬಂದ. ಪುಂಡಿಪಲ್ಯ, ರೊಟ್ಟಿ ಉಂಡು ಇಬ್ಬರೂ ಕಿಟಕಿಯ ಹತ್ತಿರ ಕೂತೆವು. ಹೊಸದೊಂದು ಸಿಪಾಯಿಯನ್ನು ಅವನ ಕೈಗೆ ಕೊಟ್ಟೆ. ಬ್ರಶ್ಶು ಅದ್ದಿ, "ಇವಗ ಯಾವ ಬಣ್ಣ ಬೇ?" ಎಂದ. ನಾನು ಶೀಶೆ ಹುಡುಕಿ ಈ ಕಡೆ ತಿರುಗುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಕೈಯಲ್ಲಿದ್ದ ಬ್ರಶ್ಶನ್ನು ಮೆಲ್ಲಗೆ ಬಿಡಿಸಿ ತೊಳೆದಿಟ್ಟೆ. ಎಬ್ಬಿಸಲಿಲ್ಲ. ಎದ್ದಾಗ ಸಂಜೆಯಾಗಿತ್ತು, ಚಹಾ ಕುಡಿದು ಬಸ್ಸಿಗೆ ಹೋದ.