ಬಾಗಿಲು ತಟ್ಟುವವನ ಸಿನಿಮಾ

ಅಂದು ಬೆಳಿಗ್ಗೆಯೂ ಎಂದಿನಂತೆ ಅತ್ತೆಗೆ ಜಡೆ ಹಾಕಿದೆ. ಕಿರುಬೆರಳು ದಪ್ಪದ ಬಿಳಿ ಜಡೆ, ತುದಿಗೆ ಕಪ್ಪು ದಾರ. ಒಂದು ಕಡುಬು ತಿಂದು, ಇನ್ನೊಂದನ್ನು ಮುರಿದು ತಟ್ಟೆಯಲ್ಲೇ ಬಿಟ್ಟರು. ಬಿ.ಪಿ. ಮಾತ್ರೆ ಕೊಟ್ಟೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನನ್ನ ಗಂಡ ಬುತ್ತಿ ಹಿಡಿದು, ಎಸ್ಟೇಟಿನ ಜೀಪು ಹತ್ತಲು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅತ್ತೆಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಒರೆಸಿ ಮಡಿಲಲ್ಲಿಟ್ಟು, ಟಿವಿಗೆ ಪೆನ್‌ಡ್ರೈವ್ ಹಾಕಿದೆ. ಸಿನಿಮಾದ ಶುರುವಿನಲ್ಲಿ ಹೆಸರು ತೋರಿಸುವುದು ಮುಗಿದ ಮೇಲೇ ಅವರು ಕನ್ನಡಕ ಹಾಕಿಕೊಳ್ಳುವುದು. ಪೆನ್‌ಡ್ರೈವಿನಲ್ಲಿ ನಾಲ್ಕೈದು ಹಳೆಯ ನಗೆ ಸಿನಿಮಾಗಳಿದ್ದವು. ಅತ್ತೆಗೆ ಬೇಕಾದದ್ದು ಮಾತ್ರ ಒಂದೇ.

ಅದರಲ್ಲಿ ಒಬ್ಬ ಯಾವುದೋ ಊರಿಗೆ ಬರುತ್ತಾನೆ. ವಿಳಾಸದ ಚೀಟಿ ಬಸ್ಸಿನಲ್ಲೇ ಕಳೆದುಹೋಗಿದೆ. ಸಿಕ್ಕ ಸಿಕ್ಕ ಬಾಗಿಲು ತಟ್ಟುತ್ತಾನೆ. ಒಂದು ಮನೆಯವರು ಡಾಕ್ಟರೆಂದುಕೊಳ್ಳುತ್ತಾರೆ, ಕೂತು ನಾಡಿ ನೋಡುತ್ತಾನೆ. ಇನ್ನೊಂದು ಮನೆಯವರು ಮದುಮಗನೆಂದುಕೊಳ್ಳುತ್ತಾರೆ, ಹಸೆಮಣೆ ಏರುತ್ತಾನೆ. ಕೊನೆಕೊನೆಗೆ ತಾನು ಯಾರನ್ನು ಹುಡುಕಿ ಬಂದೆನೆಂಬುದೇ ಅವನಿಗೆ ಮರೆತುಹೋಗುತ್ತದೆ. ಕಡೆಯ ಬಾಗಿಲು ತಟ್ಟಿದಾಗ ಒಳಗಿನಿಂದ "ಯಾರದು?" ಎಂದು ಕೇಳುತ್ತಾರೆ.

"ಅದನ್ನೇ ಕೇಳೋಣ ಅಂತ ಬಂದೆ," ಅನ್ನುತ್ತಾನೆ.

ಈ ಮಾತನ್ನು ಅತ್ತೆ ಅವನಿಗಿಂತ ಮೊದಲೇ ಹೇಳಿ ನಗುತ್ತಿದ್ದರು. ಅಡುಗೆಮನೆಯಲ್ಲಿ ನಾನೂ ನಗುತ್ತಿದ್ದೆ. ಎಷ್ಟನೇ ಸಲವೋ, ಆದರೂ.

ನಾನು ಓದಿದ ಕಾನ್ವೆಂಟಿನ ಮಾರಲ್ ಸೈನ್ಸ್ ಪಾಠದಲ್ಲಿ ಮೊದಲ ಪ್ರಶ್ನೆಯೇ ನಿನ್ನನ್ನು ಸೃಷ್ಟಿಸಿದವರು ಯಾರು, ಯಾತಕ್ಕೆ ಎಂದು. ಉತ್ತರ ಎರಡೇ ಸಾಲು. ತಪ್ಪಿದರೆ ಸಿಸ್ಟರ್ ಹತ್ತು ಸಲ ಬರೆಸುತ್ತಿದ್ದರು. ನನಗೆ ಇಂದಿಗೂ ಬಾಯಿಪಾಠ. ಆದರೆ ಅದು ನಿಜಕ್ಕೂ ಪ್ರಶ್ನೆಯೆಂದು ಅನ್ನಿಸಿದ್ದು, ಗುಂಡಿ ಕಿತ್ತ ಕೋಟಿನ ಆ ನಗೆನಟ ಬಾಗಿಲ ಮುಂದೆ ಪೆಚ್ಚಾಗಿ ನಿಂತದ್ದನ್ನು ನೋಡಿದ ಮೇಲೆ. ಒಮ್ಮೆ ಅತ್ತೆಗೂ ಹಾಗೆಂದೆ. ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ನನ್ ಕತೆನೂ ಅದೇ ಮಾರಾಯ್ತಿ. ಬಾಗ್ಲು ತೆಗ್ದೋರು ಸೊಸೆ ಅಂದ್ರು, ಸೊಸೆ ಆದೆ. ಆಮೇಲೆ ಅಮ್ಮ ಅಂದ್ರು. ನೀನ್ಯಾರೇ ಅಂತ ನನ್ನ ಯಾರು ಕೇಳಿದ್ರು?"

ಆಮೇಲೆ, ದನಿ ಸ್ವಲ್ಪ ಜೋರು ಮಾಡು ಅಂದರು.

ಅಂದು ಬೆಳಿಗ್ಗೆ ಪೆನ್‌ಡ್ರೈವ್ ಹಾಕಿ ಬಂದು ನಾನು ಅಡುಗೆಮನೆಯಲ್ಲಿ ಸಾರಿಗೆ ಕಾಯಿ ರುಬ್ಬುತ್ತಿದ್ದೆ. ಸಿನಿಮಾದಲ್ಲಿ ಆ ಮಾತು ಬರುವ ಹೊತ್ತಾಯಿತೆಂದು ಮಿಕ್ಸಿ ನಿಲ್ಲಿಸಿದೆ. ಬಾಗಿಲು ತಟ್ಟಿದ ಸದ್ದು, ಯಾರದು ಎಂಬ ಪ್ರಶ್ನೆ, ಅವನ ಉತ್ತರ. ಜೋರಾಗಿ ನಕ್ಕೆ. ಮತ್ತೆ ಮಿಕ್ಸಿ ಹಾಕಿದೆ. ಸಾರು ಕುದಿಸಿ, ಕೈ ಒರೆಸಿಕೊಂಡು ಹೊರಗೆ ಬಂದಾಗ ಸಿನಿಮಾ ಮುಗಿದು ಟಿವಿ ಬರೀ ನೀಲಿಯಾಗಿತ್ತು. ಅತ್ತೆಯ ತಲೆ ಎಡಕ್ಕೆ ವಾಲಿತ್ತು. ಕೈ ಮುಟ್ಟಿದೆ, ತಣ್ಣಗಿತ್ತು. ಕನ್ನಡಕ ನಾನಿಟ್ಟ ಹಾಗೆಯೇ ಮಡಿಲಲ್ಲಿತ್ತು, ಕಡ್ಡಿಗಳನ್ನು ಬಿಡಿಸಿಯೂ ಇರಲಿಲ್ಲ. ಯಾರನ್ನಾದರೂ ಕರೆಯುವ ಮೊದಲು ಅದನ್ನು ಎತ್ತಿ ಪೆಟ್ಟಿಗೆಗೆ ಹಾಕಿಬಿಟ್ಟೆ.

ಓಡಿಬಂದ ಗಂಡ ಕೇಳಿದ್ದು ಒಂದೇ ಮಾತು, ಕೊನೆಗೆ ಒದ್ದಾಡಿದರಾ ಎಂದು.

"ಇಲ್ಲ. ನಗ್ತಾ ಇದ್ರು. ನಂಗೆ ಕೇಳಿಸ್ತು," ಅಂದೆ.

ಅವರು ಅದನ್ನೇ ಹಿಡಿದುಕೊಂಡರು. ಅಮ್ಮ ನಗುತ್ತಾ ಹೋದರೆಂದು ಬಂದವರಿಗೆಲ್ಲ ಹೇಳಿದರು. ಅಂಥ ಸಾವಿಗೂ ಪುಣ್ಯ ಬೇಕು ಎಂದು ಎಲ್ಲರೂ ತಲೆಯಾಡಿಸಿದರು. ಹೆಣ ಎತ್ತುವ ಹೊತ್ತಿಗೆ ನಾನೂ ನಂಬಿದ್ದೆ. ಮೊದಲು ಅತ್ತೆಯ ದನಿ, ಹಿಂದೆಯೇ ನಟನ ದನಿ, ಆಮೇಲೆ ನಮ್ಮಿಬ್ಬರ ನಗು. ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

ಸಂಜೆ ಗಂಡ ಸ್ಮಶಾನದಿಂದ ಬಂದು ಸ್ನಾನ ಮಾಡಿ, ಬೆತ್ತದ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದರು. ಒಲೆ ಹಚ್ಚುವಂತಿರಲಿಲ್ಲ. ಪಕ್ಕದ ಮನೆಯ ಮೆಕ್ಯಾನಿಕ್‌ನ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ತಂದಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಇವರ ಲೋಟಕ್ಕೆ ಕಾಫಿ ಬಗ್ಗಿಸುತ್ತಾ, ನನ್ನ ಕಡೆ ತಿರುಗಿ ಅಂದಳು:

"ಬೆಳಿಗ್ಗೆ ಬಟ್ಟೆ ಒಗೆಯುವಾಗ್ಲೇ ಅಂದ್ಕೊಂಡೆ ಅಕ್ಕ, ಅಮ್ಮ ಮಲಗಿರ್ಬೇಕು ಅಂತ. ದಿನಾ ನಿಮ್ಮಿಬ್ರ ನಗು ಕೇಳೋದು. ಇವತ್ತು ನಿಮ್ದೊಂದೇ ಕೇಳ್ತು."