ಧೂಮಕೇತುವಿನ ಬಾಲ ಯಾವ ಕಡೆಗೆ

ನಾನು ಚೆನ್ನೈಗೆ ಬಂದಿಳಿದ ಸಂಜೆಯೇ ಪೋರೂರಿನ ಅಕ್ಕನ ಮನೆಯ ತಾರಸಿಯಲ್ಲಿ ತಕರಾರು. ನಾಳಿದ್ದು ಅಕ್ಕನ ಮಗಳು ಮೈತ್ರಿಯ ನಿಶ್ಚಿತಾರ್ಥ. ಪಡುವಣದ ಧೂಮಕೇತುವನ್ನು ಬೈನಾಕ್ಯುಲರಿನಲ್ಲಿ ನೋಡಿದ ಅಕ್ಕನ ಅತ್ತೆಗೆ ಅನುಮಾನ ಹತ್ತಿತು.

“ಹೋದ ತಿಂಗಳು ಬೆಳಗಿನ ಜಾವ ತೋರಿಸಿದಾಗ ಬರೀ ಹತ್ತಿ ಉಂಡೆ ಥರ ಇತ್ತು. ಬಾಲ ಇಲ್ಲ, ಅಪಶಕುನ ಅಲ್ಲ ಅಂತಲೇ ಈ ಮುಹೂರ್ತಕ್ಕೆ ಒಪ್ಪಿದ್ದು. ನನ್ನಿಂದ ಮುಚ್ಚಿಟ್ರಾ?”

“ಅಯ್ಯೋ ಪಾಟಿ, ಅದೇ ಇದು!” ಮೈತ್ರಿ ಅಜ್ಜಿಗೆ ವಿವರಿಸಿದಳು. “ ಸೂರ್ಯನ ಹತ್ರ ಹೋಗಿ ಬಂತಲ್ಲ, ಬಿಸಿಗೆ ಮಂಜುಗಡ್ಡೆ ಆವಿಯಾಗಿ ಬಾಲ ಬೆಳೆದಿದೆ. ದೂರ ಹೋದ್ರೆ ಮಂಕಾಗುತ್ತೆ.”

“ಹಾಗಾದ್ರೆ ಮಂಕಾದ್ಮೇಲೇ ನಿಶ್ಚಿತಾರ್ಥ.”

ಮೈತ್ರಿಯ ಮುಖ ಸಪ್ಪಗಾಯಿತು. “ಬಾಲ ಯಾವಾಗ್ಲೂ ಸೂರ್ಯನಿಂದ ಆಚೆಗೇ ಚಾಚೋದು, ಪಾಟಿ” ಎಂದಳು, ಸೋತ ದನಿಯಲ್ಲಿ.

ಅತ್ತೆ ಬಾಲದ ಜಾಡು ಹಿಡಿದು ಮೆಲ್ಲಗೆ ಪೂರ್ವಕ್ಕೆ ತಿರುಗಿದರು. ಗಂಡಿನ ಮನೆಯಿರುವ ನುಂಗಂಬಾಕ್ಕಂ ಆ ಕಡೆಗೇ.

“ಸರಿ, ಬಾಲ ಇರೋದು ಗಂಡಿನ ಮನೆ ಕಡೆಗೆ. ಶಾಂತಿಪೂಜೆ ಅವ್ರೇ ಮಾಡಿಸ್ಲಿ. ನಮ್ಮ ಮುಹೂರ್ತ ಹಾಗೇ ಇರ್ಲಿ.”